ಕೈಯಲ್ಲಿ ಹೇಳದೆ ಬಿಟ್ಟ ನರಕ

ನರಕದ ಬಗ್ಗೆ ನಾಲ್ಕು ಭಾನುವಾರ ಪ್ರಸಂಗ ಮಾಡುತ್ತೇನೆ ಎಂದು ನಮ್ಮ ಭಾವ ಮೊದಲೇ ಸಾರಿದ್ದರು. ಅವರು ಪಾಸ್ಟರು, ಹೇಳಿದ್ದನ್ನು ಮಾಡದೆ ಬಿಡುವವರಲ್ಲ. ಆದರೆ ಎರಡನೆಯ ಭಾನುವಾರ ಆರಾಧನೆ ಮುಗಿಸಿ ಊಟಕ್ಕೆ ಕೂತಾಗ ಅವರ ಮುಖ ಸಣ್ಣಗಾಗಿತ್ತು.

"ಆ ಮುಂದಿನ ಬೆಂಚಿನವರು ನಗ್ತಾರೆ," ಎಂದರು. "ಆರದ ಬೆಂಕಿ, ಗೋಳಾಟ, ಹಲ್ಲು ಕಡಿಯೋದು ಅಂತ ನಾನು ಗಂಟಲು ಹರ್ಕೊಳ್ತಿದ್ರೆ, ಐದೂ ಜನ ಮದುವೆ ಮನೆಗೆ ಬಂದವರ ಹಾಗೆ ಮುಗುಳ್ನಗ್ತಾ ಕೂತಿದ್ದಾರೆ. ಒಬ್ಬಳಂತೂ ಎರಡೂ ಕೈ ಮೇಲೆತ್ತಿ ಆಡಿಸಿದಳು. ಅದು ಅವರ ಚಪ್ಪಾಳೆ ಅಲ್ವಾ?"

"ಪ್ರಸಂಗ ಹಿಡಿಸಿದೆ, ಬಿಡಿ," ಎಂದಳು ನಮ್ಮಕ್ಕ, ನನ್ನ ಕಡೆ ನೋಡದೆ ಬಡಿಸುತ್ತ.

"ನರಕ ಹಿಡಿಸೋದು ಅಂದ್ರೇನು?"

ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಆ ಐದು ಜನರಿಗೆ ಕಿವಿ ಕೇಳಿಸುವುದಿಲ್ಲ. ಭಾವ ಬಾಯಲ್ಲಿ ಹೇಳಿದ್ದನ್ನು ಅವರಿಗೆ ಕೈಯಲ್ಲಿ ಹೇಳುವವಳು ನಾನು. ವಾರದ ಆರು ದಿನ ನನ್ನದು ಬಟನ್ನು, ದಾರ, ಝಿಪ್ಪು, ಲೈನಿಂಗ್ ಬಟ್ಟೆ ಮಾರುವ ಅಂಗಡಿ. ಕೈಭಾಷೆಯನ್ನು ಎಲ್ಲೂ ಹೋಗಿ ಕಲಿತವಳಲ್ಲ. ನಮ್ಮಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಹಾಗಾಗಿ ನಾನು ಹಸಿವು, ಹಟ, ಸುಳ್ಳು ಎಲ್ಲವನ್ನೂ ಮೊದಲು ಕೈಯಲ್ಲೇ ಕಲಿತೆ.

ಅಕ್ಕನಿಗೂ ಅದು ಬರುತ್ತದೆ, ಒಬ್ಬ ತಾಯಿಯ ಮಕ್ಕಳಲ್ಲವೇ. ಅವಳು ಹಿಂದಿನ ಸಾಲಿನಲ್ಲಿ ಕೂತು ಎರಡು ವಾರವೂ ನನ್ನ ಕೈಗಳನ್ನೇ ನೋಡಿದ್ದಳು. ಪಾತ್ರೆ ತೊಳೆಯಲು ನಿಂತಾಗ ಮೆಲ್ಲಗೆ ಶುರು ಮಾಡಿದಳು.

"ಅವರು ಬೆಂಕಿ ಅಂದಾಗ ನೀನು, ಮನೆ ಬಿಟ್ಟು ಹೋದ ಮಗ ವಾಪಸ್ ಬಂದ, ಅಪ್ಪ ಓಡಿ ಹೋಗಿ ತಬ್ಕೊಂಡ ಅಂದೆ. ಅವರು ನರಕದಲ್ಲಿ ಮೈ ತಿನ್ನೋ ಹುಳ ಸಾಯಲ್ಲ ಅಂದಾಗ ಕಳೆದುಹೋದ ಕುರಿ ಸಿಕ್ತು ಅಂದೆ. ನಮ್ಮ ಯಜಮಾನ್ರು ಬರೀ ಬಾಯಿ ಆಡಿಸ್ತಿದ್ದಾರೆ ಕಣೆ, ಪ್ರಸಂಗ ಎಲ್ಲಾ ನಿಂದೇ."

"ಅದೂ ಬೈಬಲ್‌ನಲ್ಲೇ ಇರೋದಲ್ವಾ?"

"ಇದೆ. ಅವತ್ತಿನ ಪುಟದಲ್ಲಿ ಇಲ್ಲ."

"ಭಾವನಿಗೆ ಹೇಳ್ತೀಯಾ?"

"ನಾನ್ಯಾಕೆ ಹೇಳ್ಲಿ? ನಂಗೆ ದಿನಾ ಅವರ ಜೊತೆ ಬಾಳ್ಬೇಕು. ನೀನೇ ಹೇಳು."

ಹೇಳಬೇಕಿತ್ತು. ಆದರೆ ನಾನು ಯಾಕೆ ಹಾಗೆ ಮಾಡಿದೆ ಎಂಬುದನ್ನು ನನಗೇ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಆ ಬೆಂಚಿನ ತುದಿಯಲ್ಲಿ ಕೂರುವವನು ಒಬ್ಬ ಟೇಲರು, ಅರವತ್ತರ ಹತ್ತಿರದವನು. ಕಿವಿ ಕೇಳಿಸದವರು ಪ್ರತಿಯೊಬ್ಬರಿಗೂ ಕೈಯಲ್ಲಿ ಒಂದು ಹೆಸರಿಡುತ್ತಾರೆ. ಮೂಗಿನ ಮೇಲೆ ಬೆರಳಿಟ್ಟು ಮೇಲಕ್ಕೆ ತಳ್ಳಿದರೆ ಅದು ಭಾವ, ಅಂದರೆ ಕನ್ನಡಕ. ಎದೆಯ ಮೇಲೆ ಎರಡು ಬೆರಳಿನಿಂದ ಬಟನ್ನು ಹಾಕಿದರೆ ನಾನು. ಕತ್ತಿನ ಸುತ್ತ ಅಳತೆಯ ಟೇಪು ಎಳೆದರೆ ಅವನು. ಟೇಪಿಗೆ ಒಬ್ಬ ಅಣ್ಣನಿದ್ದ. ಅವನ ಹೆಸರು ಮೂರು ಬೆರಳು. ಮರದ ಮಿಲ್ಲಿನ ಗರಗಸ ಅವನ ಬಲಗೈಯ ಎರಡು ಬೆರಳು ತೆಗೆದುಕೊಂಡಿತ್ತು. ಕಿವಿ ನೆಟ್ಟಗಿದ್ದವನು ಅವನು, ಆದರೆ ಆ ಮನೆಯಲ್ಲಿ ತಮ್ಮನಿಗಾಗಿ ಕೈಭಾಷೆ ಕಲಿತವನು ಅವನೊಬ್ಬನೇ. ಎರಡು ಬೆರಳು ಇಲ್ಲದ್ದರಿಂದ ಅವನ ಮಾತು ತೊದಲುತ್ತಿತ್ತು. ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ತಮ್ಮನಿಗೆ ಒಂದು ಮಾತೂ ತಪ್ಪುತ್ತಿರಲಿಲ್ಲ.

ಎರಡು ವರ್ಷ ಪ್ರತಿ ಭಾನುವಾರ ತಮ್ಮನನ್ನು ಚರ್ಚಿನ ಗೇಟಿನವರೆಗೆ ತಂದು ಬಿಟ್ಟು, ಎದುರಿನ ಸೈಕಲ್ ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಪೇಪರು ಓದುತ್ತ ಕೂರುತ್ತಿದ್ದ. "ಒಳಗೆ ಬನ್ನಿ ಅಣ್ಣ," ಎಂದರೆ, "ನಿಮ್ಮ ದೇವರಿಗೂ ನಂಗೂ ಹಳೇ ಜಗಳ ಇದೆ ಕಣಮ್ಮ. ನೀವು ಮಧ್ಯೆ ಬರ್ಬೇಡಿ," ಎಂದು ನಗುತ್ತಿದ್ದ. ಬಾಯಿ ಮಾತ್ರ ಬಲು ಕೆಟ್ಟದ್ದು. ನನ್ನ ಅಂಗಡಿಗೆ ಝಿಪ್ಪು ಕೊಳ್ಳಲು ಬಂದರೆ ಝಿಪ್ಪು ಮಾಡಿದವನ ಅಪ್ಪ ಅಜ್ಜನನ್ನೂ ಬಿಡದೆ ಬೈದು ಹೋಗುತ್ತಿದ್ದ.

ನಾಲ್ಕನೆಯ ಭಾನುವಾರದ ದೀಕ್ಷಾಸ್ನಾನಕ್ಕೆ, ಎಂದರೆ ನೀರಿನಲ್ಲಿ ಮುಳುಗಿ ಎದ್ದು ಸಭೆಗೆ ಸೇರುವುದಕ್ಕೆ, ಟೇಪು ಹೆಸರು ಕೊಟ್ಟಿದ್ದ. ಹೆಸರು ಕೊಟ್ಟ ವಾರದಲ್ಲೇ ಅಣ್ಣ ಎದೆನೋವೆಂದು ಕೂತವನು ಏಳಲಿಲ್ಲ. ಪ್ರಾರ್ಥನೆ ಬೇಡ, ಪಾಸ್ಟರು ಬೇಡ ಎಂದು ಮೊದಲೇ ಹೇಳಿಟ್ಟಿದ್ದನಂತೆ, ಹಾಗೇ ಮಣ್ಣು ಮಾಡಿದರು. ಹನ್ನೊಂದು ದಿನದ ನಂತರ ಟೇಪು ಒಬ್ಬನೇ ನಡೆದು ಬಂದು ಬೆಂಚಿನಲ್ಲಿ ಕೂತ. ಭಾವ ನರಕದ ಮೊದಲ ಪ್ರಸಂಗ ಶುರು ಮಾಡಿದ್ದು ಅವತ್ತೇ.

ಬಾಯಲ್ಲಿ ಹೇಳುವವರಿಗೆ ಒಂದು ಸೌಕರ್ಯವಿದೆ. ಗೋಡೆ ನೋಡಿಕೊಂಡು ಹೇಳಬಹುದು, ಗಡಿಯಾರ ನೋಡಿಕೊಂಡು ಹೇಳಬಹುದು. ಕೈಯಲ್ಲಿ ಹೇಳುವವರಿಗೆ ಅದಿಲ್ಲ. ಬೆಂಕಿ ಎಂದರೆ ನನ್ನ ಮುಖವೇ ಉರಿಯಬೇಕು, ನೋವು ಎಂದರೆ ನನ್ನ ಹುಬ್ಬು ಗಂಟಿಕ್ಕಬೇಕು. ಅದೂ ಎದುರು ಕೂತವನ ಕಣ್ಣಲ್ಲಿ ಕಣ್ಣಿಟ್ಟು. ನಂಬದೆ ಸತ್ತವರು ಈಗ, ಈ ಕ್ಷಣ, ಆ ಬೆಂಕಿಯಲ್ಲಿದ್ದಾರೆ ಎಂದು ಭಾವ ಹೇಳಿದಾಗ ಟೇಪು ನನ್ನನ್ನು ನೋಡುತ್ತಿದ್ದ. ನನ್ನ ಕೈ ತಾನಾಗಿ ಬೇರೆ ದಾರಿ ಹಿಡಿಯಿತು. ಒಮ್ಮೆ ಹಿಡಿದ ಮೇಲೆ ವಾಪಸು ಬರಲು ಆಗಲಿಲ್ಲ.

ಎರಡನೆಯ ಭಾನುವಾರ ಕಳೆದ ಮೇಲೆ ಬಂದ ಬುಧವಾರ ಟೇಪು ನನ್ನ ಅಂಗಡಿಗೆ ಬಂದ. ಏನೂ ಕೇಳಲಿಲ್ಲ. ಅಳತೆ ಬರೆಯುವ ಒಂದು ಚೀಟಿಯನ್ನು ಗಲ್ಲಾದ ಮೇಲಿಟ್ಟ. ಗಂಡನ ಕೋಟು ಸಡಿಲ ಮಾಡಿಸಲು ಅವನ ಬಳಿ ಬಂದ ಯಾರೋ ಹೆಂಗಸು ಅದರ ಹಿಂದೆ ಬರೆದಿದ್ದಳು: ನಿಮ್ಮ ಪಾಸ್ಟರು ಹೇಳಿದ್ದು ಕೇಳಿ ನನಗೆ ಎರಡು ದಿನ ನಿದ್ದೆಯಿಲ್ಲ. ಆ ಶ್ರೀಮಂತ ಉರಿಯಲ್ಲಿ ನಿಂತು ಒಂದು ಹನಿ ನೀರು ಕೇಳುವುದೇ ಕಣ್ಣ ಮುಂದೆ ಬರುತ್ತದೆ.

"ಯಾವ ಶ್ರೀಮಂತ?" ಎಂದು ಕೈಯಲ್ಲಿ ಕೇಳಿದ. "ಯಾವ ನೀರು?"

ನಾನು ಚೀಟಿಯನ್ನು ತಿರುಗಿಸಿ ಅಳತೆಗಳನ್ನು ನೋಡಿದೆ.

"ಎರಡು ವಾರದಿಂದ ನೀನು ಹೇಳಿದ್ದೇನು, ಅವರು ಹೇಳಿದ್ದೇನು?"

"ನಿಂಗೆ ನೋವಾಗುತ್ತೆ ಅಂತ..." ಎಂದೆ. "ಅಣ್ಣ ಹೋಗಿ ಇನ್ನೂ ತಿಂಗಳಾಗಿರ್ಲಿಲ್ಲ. ಆಮೇಲೆ ನಿಧಾನವಾಗಿ ಹೇಳೋಣ ಅಂತ."

ಆಮೇಲೆ ಎಂಬ ಮಾತು ಕೈಯಿಂದ ಬಿದ್ದದ್ದೇ ಅವನು ಗಲ್ಲಾಕ್ಕೆ ಗುದ್ದಿದ. ಬಟನ್ನಿನ ಡಬ್ಬಿಗಳೆಲ್ಲ ಹಾರಿಬಿದ್ದವು. ಝಿಪ್ಪಿಗೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಒಂದು ಹೆಜ್ಜೆ ಹಿಂದೆ ಸರಿದರು.

"ಆಮೇಲೆ! ಹುಟ್ಟಿದಾಗಿಂದ ಅದೇ ಮಾತು. ಊಟಕ್ಕೆ ಕೂತಾಗ ಎಲ್ಲರೂ ಬಿದ್ದು ಬಿದ್ದು ನಗ್ತಾರೆ. ಏನು ಅಂತ ಕೇಳಿದ್ರೆ, ಆಮೇಲೆ ಹೇಳ್ತೀನಿ. ಅಪ್ಪನಿಗೆ ಏನು ಕಾಯಿಲೆ ಅಂದ್ರೆ, ಆಮೇಲೆ ಹೇಳ್ತೀನಿ. ಅಪ್ಪ ಸತ್ತೇ ಹೋದ, ಯಾರೂ ಹೇಳ್ಲಿಲ್ಲ. ನಮ್ಮಣ್ಣ ಒಬ್ಬನೇ ಆಗಿಂದಾಗ ಹೇಳ್ತಿದ್ದ. ಕೆಟ್ಟದಾದ್ರೂ ಹೇಳ್ತಿದ್ದ. ನನ್ನನ್ನೇ ಬೈದಿದ್ರೂ, ನೋಡು, ನಿನ್ನ ಹೀಗೆ ಬೈದ್ರು ಅಂತ ಹೇಳಿ ಆಮೇಲೆ ಅವರ ಜೊತೆ ಜಗಳಕ್ಕೆ ಹೋಗ್ತಿದ್ದ. ನೀನೂ ಅವನ ಥರ ಅಂದ್ಕೊಂಡಿದ್ದೆ."

ಕೆನ್ನೆಗೆ ಹೊಡೆದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಅಲ್ಲೇ ನಿಂತು ಎರಡು ಪ್ರಸಂಗವನ್ನೂ ಮೊದಲಿಂದ ಕೊನೆಯವರೆಗೆ ಹೇಳಿದೆ. ಬಾಗಿಲಲ್ಲಿ ಹುಣ್ಣು ತುಂಬಿಕೊಂಡು ಬಿದ್ದಿದ್ದ ಬಡವ, ಒಳಗೆ ತಿಂದುಂಡು ಸುಖವಾಗಿದ್ದ ಶ್ರೀಮಂತ, ಸತ್ತ ಮೇಲೆ ಇಬ್ಬರ ನಡುವೆ ದಾಟಲಾಗದ ಕಂದರ, ಆ ಬಡವನ ಬೆರಳ ತುದಿಯನ್ನು ನೀರಲ್ಲಿ ಅದ್ದಿಸಿ ಕಳಿಸು ಎಂಬ ಶ್ರೀಮಂತನ ಬೇಡಿಕೆ. ನಂಬದವರು ಈಗ ಅಲ್ಲಿದ್ದಾರೆ ಎಂಬ ಭಾವನ ಮಾತನ್ನೂ ಬಿಡಲಿಲ್ಲ. ನನ್ನ ಮುಖ ಉರಿಯಿತು. ಅವನು ಕಣ್ಣು ಮಿಟುಕಿಸದೆ ನೋಡಿದ.

"ಸರಿ," ಎಂದ ಕೊನೆಗೆ. "ಅಂಗಡಿ ಮುಚ್ಚು. ಕನ್ನಡಕದ ಹತ್ರ ಕರ್ಕೊಂಡು ಹೋಗು. ನಮ್ಮಣ್ಣ ಎಲ್ಲಿದ್ದಾನೆ ಅಂತ ಕೇಳ್ಬೇಕು. ಅವನು ಬೆಂಕಿಯಲ್ಲಿ, ನಾನು ಇಲ್ಲಿ ತಣ್ಣೀರಲ್ಲಿ ಮುಳುಗಿ ಎದ್ದು ಬರೋದಾದ್ರೆ, ನಂಗೆ ಆ ನೀರು ಬೇಡ."

ಭಾವನ ಕೋಣೆ ಚರ್ಚಿನ ಹಿಂಬದಿಗಿದೆ. ಒಂದು ಮೇಜು, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಬೆನ್ನು ಹರಿದ ಹಾಡಿನ ಪುಸ್ತಕಗಳ ರಟ್ಟಿನ ಪೆಟ್ಟಿಗೆ. ಮೊದಲು ನಾನು ನನ್ನ ತಪ್ಪು ಒಪ್ಪಿಕೊಂಡೆ. ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ವಾರ?"

"ಎರಡೇ ವಾರ, ಭಾವ."

"ಅದಕ್ಕೆ ಮುಂಚೆ?"

"ಮುಂಚೆ ಅಷ್ಟಿಷ್ಟು. ನೀವು ತುಂಬ ಎಳೆದಾಗ ಸ್ವಲ್ಪ ಕತ್ತರಿಸ್ತಿದ್ದೆ, ಅಷ್ಟೇ."

ಅವರಿಗೆ ಕೋಪ ಬಂದಿತ್ತು. ಕಿವಿ ಕೆಂಪಗಾಗಿತ್ತು. ಆದರೆ ಟೇಪು ಕಾಯಲಿಲ್ಲ, ಮೇಜು ತಟ್ಟಿದ. ಅವಳ ಕಡೆ ಬೇಡ, ನನ್ನ ಕಡೆ ನೋಡಿ ಎಂದು ಸನ್ನೆ ಮಾಡಿದ. ಭಾವ ಕನ್ನಡಕ ಹಾಕಿಕೊಂಡು ಅವನ ಕಡೆ ತಿರುಗಿದರು. ಅವನು ತನ್ನ ಪ್ರಶ್ನೆ ಕೇಳಿದ. ನಾನು ಬಾಯಲ್ಲಿ ಹೇಳಿದೆ: "ನಮ್ಮಣ್ಣ ಎಲ್ಲಿದ್ದಾನೆ?"

"ಬೈಬಲ್ ಇದನ್ನ ಒಂದೇ ಮಾತಲ್ಲಿ ಹೇಳಿ ಮುಗಿಸಲ್ಲ," ಎಂದು ಭಾವ ಶುರು ಮಾಡಿದರು. "ಹಳೇ ಭಾಗದಲ್ಲಿ ಸತ್ತವರೆಲ್ಲ ಒಂದೇ ಕಡೆ ಇಳಿದು ಹೋಗ್ತಾರೆ. ಪಾತಾಳ. ಕತ್ತಲು, ಮೌನ. ಒಳ್ಳೆಯವರೂ ಅಲ್ಲಿಗೇ, ಕೆಟ್ಟವರೂ ಅಲ್ಲಿಗೇ. ಮಗ ಸತ್ತ ಅಂದ್ಕೊಂಡ ಒಬ್ಬ ಮುದುಕ, ನಾನೂ ಅಳ್ತಾ ಅಲ್ಲಿಗೇ ಇಳಿದು ಅವನ ಹತ್ರ ಹೋಗ್ತೀನಿ ಅಂತಾನೆ."

"ಅವನು ಸರಿಯಾದ ಮನುಷ್ಯ," ಎಂದ ಟೇಪು.

"ಆಮೇಲೆ ಯೇಸು ಬರ್ತಾನೆ. ಪಟ್ಟಣದ ಹೊರಗೆ ಒಂದು ಕಣಿವೆ ಇತ್ತು. ಹಿಂದೆ ಜನ ತಮ್ಮ ಮಕ್ಕಳನ್ನೇ ಅಲ್ಲಿ ಬೆಂಕಿಗೆ ಕೊಟ್ಟಿದ್ರು. ನರಕಕ್ಕೆ ಆ ಕಣಿವೆಯ ಹೆಸರನ್ನೇ ಹೇಳ್ದ. ಬೆಂಕಿಯ ಮಾತು ಅವನ ಬಾಯಲ್ಲೇ ಮತ್ತೆ ಮತ್ತೆ ಬರುತ್ತೆ. ಕೊನೇ ಪುಸ್ತಕದಲ್ಲಿ ಬೆಂಕಿಯ ಕೆರೆ ಇದೆ. ಅದು ಎರಡನೇ ಸಾವು ಅಂತ ಬರೆದಿದೆ. ಅಲ್ಲಿ ಬಿದ್ದವರು ಎಂದೆಂದಿಗೂ ಉರೀತಾರೆ ಅನ್ನೋರಿದ್ದಾರೆ. ಎರಡನೇ ಸಾವು ಅಂದ್ರೆ ಸಾವೇ, ಇಲ್ಲದ ಹಾಗೆ ಆಗೋದು ಅನ್ನೋರೂ ಇದ್ದಾರೆ. ನಾನು ಮೊದಲನೇದನ್ನ ನಂಬ್ಕೊಂಡು ಬಂದವನು. ಅದನ್ನ ಅಳಿಸೋಕೆ ನನ್ನಿಂದಾಗಲ್ಲ."

"ಅಳಿಸಿ ಅಂತ ಯಾರು ಹೇಳಿದ್ರು? ಅಳಿಸಿದವಳು ಇವಳು."

ನನ್ನ ಬಗ್ಗೆ ಬಂದ ಮಾತನ್ನೂ ನಾನೇ ಬಾಯಿಬಿಟ್ಟು ಹೇಳಬೇಕು, ನೋಡಿ. ಹೇಳಿದೆ.

"ಕುರಿ, ಮೇಕೆಗಳ ಮಾತೂ ಇದೆ," ಎಂದರು ಭಾವ. ಈಗ ಸ್ವಲ್ಪ ನಿಧಾನವಾಗಿ. "ತೀರ್ಪಿನ ದಿನ ರಾಜ, ಕುರಿ ಮೇಕೆ ಬೇರೆ ಮಾಡೋ ಹಾಗೆ, ಕೆಲವರನ್ನ ಬಲಗಡೆ ಕರೀತಾನೆ. ಹಸಿದಾಗ ನಂಗೆ ಊಟ ಹಾಕಿದ್ರಿ, ಬಟ್ಟೆ ಇಲ್ಲದಾಗ ಬಟ್ಟೆ ಕೊಟ್ರಿ ಅಂತಾನೆ. ಅವರಿಗೆ ಆಶ್ಚರ್ಯ. ಯಾವಾಗ ಸ್ವಾಮಿ, ನಾವು ನಿನ್ನ ನೋಡೇ ಇಲ್ಲವಲ್ಲ ಅಂತಾರೆ. ಏನೂ ಕೊಡದೆ ಬೆಂಕಿಗೆ ಹೋಗೋ ಎಡಗಡೆಯವರಿಗೂ ಅಷ್ಟೇ ಆಶ್ಚರ್ಯ."

ಟೇಪು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಅವನ ಕೈಗಳು ಎದ್ದವು. ಆ ಕಥೆ ನನಗೂ ಹೊಸದು.

"ನಂಗೆ ಐದು ವರ್ಷ. ಅಣ್ಣನಿಗೆ ಹತ್ತು. ಬೇರೆ ಚರ್ಚು, ಬೇರೆ ಪಾಸ್ಟರು. ಭಾನುವಾರದ ಶಾಲೇಲಿ ಟೀಚರು, ನಂಬಿಕೆ ಕೇಳೋದರಿಂದ ಬರುತ್ತೆ ಅಂತ ಪುಸ್ತಕ ತೋರಿಸಿ ಹೇಳಿದ್ರಂತೆ. ಇವನು ಎದ್ದು ನಿಂತು, ನನ್ನ ತಮ್ಮನಿಗೆ ಕಿವಿ ಕೇಳ್ಸಲ್ಲ, ಅವನು ಸತ್ರೆ ಎಲ್ಲಿಗೆ ಹೋಗ್ತಾನೆ ಅಂತ ಕೇಳ್ದ. ಟೀಚರು ಪಾಸ್ಟರನ್ನ ಕೇಳಿದ್ರು. ಪಾಸ್ಟರು, ಕಷ್ಟ ಅಂದ್ರು. ಅಷ್ಟೇ. ಕಷ್ಟ. ಇವನು ಹೊರಗೆ ಬಂದ. ನಾನು ಗೇಟಿನ ಹತ್ರ ಮಣ್ಣಲ್ಲಿ ಆಡ್ತಿದ್ದೆ. ನನ್ನ ಕೈ ಹಿಡ್ಕೊಂಡು ಮನೆಗೆ ಬಂದವನು ಮತ್ತೆ ಚರ್ಚಿನೊಳಗೆ ಕಾಲಿಡ್ಲಿಲ್ಲ. ನನ್ನ ತಮ್ಮನಿಗೆ ಜಾಗ ಇಲ್ಲದ ಕಡೆ ನಂಗೇನು ಕೆಲಸ ಅಂದ. ಬಟನ್ನು ಕೈಯಲ್ಲಿ ಹೇಳ್ತಾಳೆ ಅಂತ ಗೊತ್ತಾದಾಗ ನನ್ನ ಎಳ್ಕೊಂಡು ಬಂದು ನಿಮ್ಮ ಗೇಟಲ್ಲಿ ಬಿಟ್ಟವನೂ ಅವನೇ. ನೀನು ಹೋಗು, ನಿಂಗೆ ಬೇಕು ಅಂತ ಯಾವಾಗ್ಲೂ ಇತ್ತು ಅಂದ." ಮೇಜಿನ ಮೇಲೆ ಮುಂದಕ್ಕೆ ಬಾಗಿದ. "ಐವತ್ತು ವರ್ಷದ ಹಿಂದೆ ನನ್ನ ಬಗ್ಗೆ ಅವನು ಕೇಳಿದ್ದನ್ನ ಈಗ ಅವನ ಬಗ್ಗೆ ನಾನು ಕೇಳ್ತಿದ್ದೀನಿ. ನೀವೂ ಕಷ್ಟ ಅಂತೀರಾ?"

ಇದನ್ನು ಬಾಯಲ್ಲಿ ಹೇಳುವಾಗ ಎರಡು ಸಲ ಹಾರಿಸಿಬಿಡೋಣ ಅನ್ನಿಸಿತು. ಎರಡು ಸಲವೂ ನಿಂತು, ಬಿಟ್ಟಲ್ಲಿಂದ ಹಿಡಿದು ಹೇಳಿದೆ.

ಭಾವ ಎದ್ದು ಕಿಟಕಿಯ ಹತ್ತಿರ ಹೋದರು. ಅವನಿಗೆ ಬೆನ್ನು ತೋರಿಸಿ ಮಾತಾಡಬಾರದು ಎಂದು ನೆನಪಾಗಿ ವಾಪಸು ಬಂದು ಕೂತರು.

"ಆ ಪಾಸ್ಟರು ತಪ್ಪು ಹೇಳಿದ್ರು," ಎಂದರು. "ಆ ವಾಕ್ಯ ಕಿವಿಯನ್ನ ಕುರಿತದ್ದಲ್ಲ. ಯೇಸು ಒಬ್ಬ ಕಿವುಡನನ್ನ ಗುಂಪಿನಿಂದ ಪಕ್ಕಕ್ಕೆ ಕರ್ಕೊಂಡು ಹೋಗ್ತಾನೆ. ಬಾಯಿ ತೆರೆಯೋ ಮುಂಚೆ ಬೆರಳಿಂದ ಅವನ ಕಿವಿ ಮುಟ್ತಾನೆ, ನಾಲಿಗೆ ಮುಟ್ತಾನೆ, ಆಕಾಶದ ಕಡೆ ನೋಡಿ ನಿಟ್ಟುಸಿರು ಬಿಡ್ತಾನೆ. ಮೊದಲು ಅವನಿಗೆ ತಿಳಿಯೋ ಹಾಗೆ ಹೇಳ್ದ. ನಿಮ್ಮಣ್ಣನಿಗೆ ಇದನ್ನ ಯಾರಾದ್ರೂ ಹೇಳ್ಬೇಕಿತ್ತು."

"ಅವನೆಲ್ಲಿದ್ದಾನೆ?"

"ನಂಗೊತ್ತಿಲ್ಲ."

ಕೈಭಾಷೆಯಲ್ಲಿ ಅದು ಬಹಳ ಚಿಕ್ಕ ಮಾತು. ನಾನು ಹೇಳಿದೆ. ಭಾವ ಇಪ್ಪತ್ತು ವರ್ಷ ಪ್ರಸಂಗ ಮಾಡಿದ್ದಾರೆ. ಆ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ನಂಬದವರೆಲ್ಲ ಈಗ ಬೆಂಕಿಯಲ್ಲಿದ್ದಾರೆ ಅಂದ್ರಲ್ಲ?"

"ಅಂದೆ. ಬೆಂಕಿ ಪುಸ್ತಕದಲ್ಲಿದೆ. ಯಾರು ಅಲ್ಲಿದ್ದಾರೆ ಅಂತ ನೋಡಿ ಬಂದವನ ಹಾಗೆ ಹೇಳಿದ್ದು ನಾನು. ಉಳಿಯೋರ ಹೆಸರುಗಳ ಪುಸ್ತಕ ಒಂದಿದೆ ಅಂತ ಬರೆದಿದೆ. ಅದನ್ನ ಯಾರೂ ನನ್ನ ಕೈಗೆ ಕೊಟ್ಟಿಲ್ಲ. ಯೇಸುವಿನ ಪಕ್ಕದ ಶಿಲುಬೆ ಮೇಲಿದ್ದ ಕಳ್ಳನಿಗೆ ಕೊನೇ ಗಳಿಗೇಲಿ ಸ್ವರ್ಗ ಸಿಕ್ತು, ನಿಮ್ಮಣ್ಣನ ಕೊನೇ ಗಳಿಗೇಲಿ ಏನಾಯ್ತೋ ನಾನು ಕಂಡಿಲ್ಲ. ಇಡೀ ಭೂಮಿಗೆ ನ್ಯಾಯ ತೀರಿಸೋನು ನ್ಯಾಯ ಮಾಡದೆ ಇರ್ತಾನಾ ಅಂತ ಅಬ್ರಹಾಮ ದೇವರನ್ನೇ ಕೇಳ್ತಾನೆ. ಅಷ್ಟರ ಮಟ್ಟಿಗೆ ನಂಗೆ ಧೈರ್ಯ ಇದೆ. ಅದಕ್ಕಿಂತ ಮುಂದೆ ಹೋಗಿ, ಅವನು ಸ್ವರ್ಗದಲ್ಲಿದ್ದಾನೆ ಅಂತ ನಿಮ್ಮನ್ನ ಸಮಾಧಾನ ಮಾಡೋಕೂ ನನ್ನಿಂದಾಗಲ್ಲ."

"ಬೇಡ," ಎಂದ ಟೇಪು. "ಸಮಾಧಾನ ಇವಳು ಎರಡು ವಾರ ಮಾಡಿದ್ದಾಳೆ, ಸಾಕು." ಆಮೇಲೆ ಇನ್ನೊಂದು ಕೇಳಿದ. "ಸತ್ತವರು ಎದ್ದು ಬರ್ತಾರಂತಲ್ಲ, ಅವನು ಎದ್ದರೆ ಐದೂ ಬೆರಳು ಇರುತ್ತಾ?"

"ಯಾಕೆ?"

"ಐದು ಬೆರಳಿದ್ರೆ ಅವನ ಮಾತು ನಂಗೆ ಗುರುತು ಸಿಗಲ್ಲ."

ಭಾವ ತಮ್ಮ ಅಂಗೈಯನ್ನು ತಿರುಗಿಸಿ ನೋಡಿದರು. "ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು," ಎಂದರು. "ಅದರಿಂದಲೇ ಗುರುತು ಹಿಡಿದ್ರು. ಇನ್ನುಳಿದದ್ದು..."

"ಗೊತ್ತಿಲ್ಲ," ಎಂದು ಟೇಪು ತಾನೇ ಕೈಯಲ್ಲಿ ಮುಗಿಸಿದ. ನಾನು ಅನುವಾದ ಮಾಡುವ ಮೊದಲೇ ಭಾವ ತಲೆಯಾಡಿಸಿದರು.

ದೀಕ್ಷಾಸ್ನಾನದ ಬಗ್ಗೆ ಅವನು ಅವತ್ತು ಏನೂ ಹೇಳಲಿಲ್ಲ. ಮೂರನೆಯ ಭಾನುವಾರ ಭಾವ ತಮ್ಮ ಹಿಂದಿನ ಮಾತನ್ನು ಎಲ್ಲರೆದುರು ತಿದ್ದಿಕೊಂಡರು. ಕೆಲವರು ಆಚೆ ಹೋಗಿ ಗೊಣಗಿದರು. ನಾನು ಒಂದಕ್ಷರ ಬಿಡದೆ ಕೈಯಲ್ಲಿ ಹೇಳಿದೆ, ಬೆಂಕಿಯನ್ನೂ. ಬೆಂಚಿನಲ್ಲಿ ಲಾಂಡ್ರಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಅತ್ತಳು, ಎರಡು ವಾರ ಮುಚ್ಚಿಟ್ಟಳೆಂದು ಒಬ್ಬ ಮುದುಕ ನನ್ನ ಮೇಲೇ ಸಿಟ್ಟಾದ. ನಾಲ್ಕನೆಯ ಭಾನುವಾರ ಟೇಪು ಒಂದು ಜೊತೆ ಒಣಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಬಂದ.

ದೀಕ್ಷಾಸ್ನಾನದ ತೊಟ್ಟಿ ವೇದಿಕೆಯ ಹಲಗೆಗಳ ಅಡಿಯಲ್ಲಿದೆ. ಭಾವನಿಗೆ ಒಂದು ರೂಢಿ. ಮುಳುಗುವವರ ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಡಿಸಿ, ಎರಡೂ ಮಣಿಕಟ್ಟನ್ನು ತಮ್ಮ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದನ್ನು ಕತ್ತಿನ ಹಿಂದೆ ಇಟ್ಟು ಮುಳುಗಿಸುತ್ತಾರೆ. ಜನ ಗಾಬರಿಯಲ್ಲಿ ಕೈ ಬಡಿಯಬಾರದೆಂದು.

"ನಂಬ್ತೀರಾ?" ಎಂದು ಕೇಳಿದರು. ನಾನು ತೊಟ್ಟಿಯ ಅಂಚಿನಲ್ಲಿ ನಿಂತು ಕೈಯಲ್ಲಿ ಕೇಳಿದೆ.

"ನಂಬ್ತೀನಿ," ಎಂದ. ನಾನು ಗಟ್ಟಿಯಾಗಿ ಹೇಳಿದೆ.

ಭಾವ ಅವನ ಮಣಿಕಟ್ಟು ಹಿಡಿಯಲು ಹೋದರು. ಅವನು ಕೈ ಕಿತ್ತುಕೊಂಡ. ಹಿಡಿದರೆ ಅವನ ಬಾಯಿ ಕಟ್ಟಿದ ಹಾಗೆ ಎಂದು ಭಾವನಿಗೆ ಆಗ ಹೊಳೆಯಿತು. ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಟೇಪು ನನ್ನ ಕಡೆ ನೋಡಿ, "ಎಲ್ಲಾ ಹೇಳು," ಎಂದ. ಸೊಂಟದವರೆಗಿನ ನೀರಿನಲ್ಲಿ ನಿಂತು ಮಾತಾಡಿದ. ಅವನ ಮಾತು ನನ್ನ ಬಾಯಲ್ಲಿ ಹೊರಬಂತು:

"ನ್ಯಾಯ ತೀರಿಸೋನು ದೇವರು. ಅವನ ತೀರ್ಪು ಸರಿಯಾಗಿರುತ್ತೆ ಅಂತ ನಂಬಿ ಈ ನೀರಿಗೆ ಇಳಿದಿದ್ದೀನಿ. ನಮ್ಮಣ್ಣ ಎಲ್ಲಿದ್ದಾನೋ ನಂಗೊತ್ತಿಲ್ಲ. ಪಾಸ್ಟರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅವನ ವಿಚಾರಣೆ ಬಂದ ದಿನ ನಾನು ಸಾಕ್ಷಿ ಹೇಳೋಕೆ ಎದ್ದು ನಿಲ್ತೀನಿ. ಇವನು ನನ್ನಿಂದ ಯಾವ ಮಾತನ್ನೂ ಮುಚ್ಚಿಡ್ಲಿಲ್ಲ ಅಂತ ಹೇಳ್ತೀನಿ. ಆಮೇಲೆ ದೇವರು ಏನು ಹೇಳ್ತಾನೋ, ಅದನ್ನೂ ಪೂರ್ತಿ ಕೇಳಿಸ್ಕೊಳ್ತೀನಿ."

ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಟೇಪು ತಾನಾಗಿಯೇ ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡ. ಭಾವ ಮಣಿಕಟ್ಟು ಮುಟ್ಟಲಿಲ್ಲ. ಎರಡೂ ಅಂಗೈಯನ್ನು ಅವನ ಬೆನ್ನಿನಡಿ ಕೊಟ್ಟು ಮೆಲ್ಲಗೆ ಇಳಿಸಿದರು.

ಮೇಲೆದ್ದವನು ಮುಖದ ನೀರು ಒರೆಸಿಕೊಳ್ಳುವ ಮೊದಲೇ ಕೈ ಆಡಿಸಿದ. ಎಲ್ಲರೂ ನನ್ನ ಕಡೆ ತಿರುಗಿದರು, ಏನೋ ದೊಡ್ಡ ಮಾತಿರಬೇಕೆಂದು.

"ಇಷ್ಟು ತಣ್ಣಗಿದೆ ಅಂತ ಮೊದಲೇ ಹೇಳೋಕೇನಾಗಿತ್ತು ಈ ಮನುಷ್ಯನಿಗೆ ಅಂತಿದ್ದಾನೆ," ಎಂದೆ, ಗಟ್ಟಿಯಾಗಿ.